ಪಾಯದ ಕೆಳಗಿನ ನೆಲ: ಮೂರು ತಾಲ್ಲೂಕುಗಳಲ್ಲಿ ‘ಆಶ್ರಯ’ ನಡೆದು ಬಂದ ದಾರಿ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಸರ್ಕಾರದ ನೆರವಿನಿಂದ ಎದ್ದ ಮನೆಗೆ ಜನರ ಬಾಯಲ್ಲಿ ಉಳಿದಿರುವುದು ಎರಡೇ ಹೆಸರು. ವಯಸ್ಸಾದವರು ‘ಜನತಾ ಮನೆ’ ಎನ್ನುತ್ತಾರೆ. ಉಳಿದವರಿಗೆಲ್ಲ ಅದು ‘ಆಶ್ರಯ ಮನೆ’. ಕಾಗದದಲ್ಲಿ ಅದು ಇಂದಿರಾ ಆವಾಸ್ ಇದ್ದೀತು, ಬಸವ ವಸತಿ ಇದ್ದೀತು, ಅಂಬೇಡ್ಕರ್ ನಿವಾಸ್ ಅಥವಾ ಪ್ರಧಾನಮಂತ್ರಿ ಆವಾಸ್ ಇದ್ದೀತು. ಕೊಡೆ ಮಡಚಿ ಪಂಚಾಯಿತಿ ಕಚೇರಿಯ ಜಗಲಿ ಹತ್ತಿದ ಹೆಂಗಸು ಕೇಳುವುದು ಮಾತ್ರ ‘ನಂದೊಂದು ಆಶ್ರಯ ಮನೆ ಏನಾಯ್ತು?’ ಎಂದೇ. ಸರ್ಕಾರಗಳು ಬದಲಾದವು, ಯೋಜನೆಗಳಿಗೆ ಹೊಸ ಹೆಸರು ಬಂತು. ಈ ಒಂದು ಪದ ಅಲ್ಲಾಡಲಿಲ್ಲ.

2000ದ ಏಪ್ರಿಲ್ 20ರಂದು ನೋಂದಣಿಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮಕ್ಕೆ 2025ರಲ್ಲಿ 25 ವರ್ಷ ತುಂಬಿತು. ನಿಗಮದ ಕಚೇರಿ ಬೆಂಗಳೂರಿನ ಕಾವೇರಿ ಭವನದಲ್ಲಿದೆ. ನಮ್ಮ ತಾಲ್ಲೂಕುಗಳಲ್ಲಿ ಅದರ ಕೆಲಸಕ್ಕೆ ಕೈಕಾಲಾಗಿರುವುದು ಗ್ರಾಮ ಪಂಚಾಯಿತಿಗಳು, ತಾಲ್ಲೂಕು ಪಂಚಾಯಿತಿಗಳು, ಸಾಗರದ ನಗರಸಭೆ, ಹೊಸನಗರ, ತೀರ್ಥಹಳ್ಳಿ ಮತ್ತು ಜೋಗ-ಕಾರ್ಗಲ್ ಪಟ್ಟಣ ಪಂಚಾಯಿತಿಗಳು, ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಗಳು. ಇವೇ ಇಲ್ಲಿನ ವಸತಿ ಪ್ರಾಧಿಕಾರ. ರಜತ ವರ್ಷದ ಸಂಚಿಕೆಯಲ್ಲಿ ಈ ಚಿಕ್ಕ ಸಂಸ್ಥೆಗಳ ಚರಿತ್ರೆಯೂ ದಾಖಲಾಗಬೇಕು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮಲೆನಾಡಿನಲ್ಲಿ ಮನೆ ಎಂದರೆ ಮೊದಲು ನೆಲದ ಪ್ರಶ್ನೆ. ಗೋಡೆ, ಮಾಡು ಆಮೇಲೆ. ಹಣ ಬೆಂಗಳೂರಿನಿಂದಲೋ ದಿಲ್ಲಿಯಿಂದಲೋ ಬಂದೀತು. ಪಾಯ ತೋಡುವ ಜಾಗ ಯಾರದು ಎಂಬುದನ್ನು ಬಗೆಹರಿಸುವ ಕೆಲಸ ಊರಿನವರಿಂದಲೇ ಆಗಬೇಕು. ನಮ್ಮ ಪಂಚಾಯಿತಿಗಳು ಮಾಡಿದ ದೊಡ್ಡ ಕೆಲಸ ಅದು.

ಒಡೆಯರ ಜಾಗದ ಬಿಡಾರ: 1951–1974

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳ್ಳಿಗೆ ಹೋದವರೆಲ್ಲ ಕುವೆಂಪು ಅವರ ಹಿರಿಯರ ಮನೆಯನ್ನು ನೋಡಿ ಬೆರಗಾಗುತ್ತಾರೆ. ಕೆತ್ತನೆಯ ಕಂಬ, ಉಪ್ಪರಿಗೆ, ನಡು ಅಂಗಳ, ತೊಟ್ಟಿ. ಮಲೆನಾಡಿನ ಮನೆ ಎಂದರೆ ಹೊರಗಿನವರ ಕಣ್ಣಿಗೆ ಕಟ್ಟುವುದು ಅದೇ ಚಿತ್ರ. ಆದರೆ ಅಂಥ ಒಂದೊಂದು ಮನೆಯ ಸುತ್ತಲೂ ಗದ್ದೆ ತೋಟಗಳಲ್ಲಿ ದುಡಿಯುವವರ ಬಿಡಾರಗಳಿದ್ದವು. ಮಣ್ಣಿನ ಮೋಟು ಗೋಡೆ, ಮೇಲೆ ಅಡಿಕೆ ಸೋಗೆ ಅಥವಾ ಹುಲ್ಲಿನ ಹೊದಿಕೆ, ಬಗ್ಗಿ ಒಳಗೆ ಹೋಗಬೇಕಾದ ಬಾಗಿಲು. ಆ ಬಿಡಾರಗಳ ಗುರುತು ಇವತ್ತು ಎಲ್ಲೂ ಸಿಗುವುದಿಲ್ಲ. ಎರಡು ಮಳೆಗಾಲ ಹೊದಿಕೆ ಹಾಕದೆ ಬಿಟ್ಟರೆ ಸೋಗೆ ಕೊಳೆತು ಗೋಡೆ ಕರಗಿ ಮಣ್ಣು ಮಣ್ಣಿಗೆ ಸೇರುತ್ತಿತ್ತು.

ಬಿಡಾರ ನಿಂತಿದ್ದ ಜಾಗ ಒಡೆಯರದು. ಕೆಲಸ ಬಿಟ್ಟರೆ, ಮಾತಿಗೆ ಮಾತು ಬೆಳೆದರೆ, ಬಿಡಾರವೂ ಹೋಯಿತು. ಹಾಗಾಗಿ ನೆಟ್ಟಗಿನ ಗೋಡೆ ಎಬ್ಬಿಸುವ ಆಲೋಚನೆಯೇ ಬರುವಂತಿರಲಿಲ್ಲ. ನಾಳೆ ಏಳಬೇಕಾಗಬಹುದಾದ ಜಾಗಕ್ಕೆ ಯಾರು ಕಲ್ಲು ಹೊರುತ್ತಾರೆ?

1951ರ ಏಪ್ರಿಲ್ 18ರಂದು ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಶುರುವಾಯಿತು. ಗೇಣಿ ಅಳೆಯುವ ಕೊಳಗದ ಗಾತ್ರದಿಂದ ಎದ್ದ ತಕರಾರು ಉಳುವವನಿಗೇ ನೆಲ ಎಂಬ ಬೇಡಿಕೆಯವರೆಗೆ ಬೆಳೆಯಿತು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಈ ಹೋರಾಟಕ್ಕೆ ಶಾಂತವೇರಿ ಗೋಪಾಲಗೌಡರು ಬೆನ್ನೆಲುಬಾದರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಗೋಪಾಲಗೌಡರು ಸಾಗರ-ಹೊಸನಗರದಿಂದ ಶಾಸಕರಾದರು. ತೀರ್ಥಹಳ್ಳಿಯವರೇ ಆದ ಕಡಿದಾಳ್ ಮಂಜಪ್ಪನವರು ಕಂದಾಯ ಸಚಿವರಾಗಿ ಭೂಸುಧಾರಣೆಗೆ ಕಾನೂನಿನ ರೂಪ ಕೊಡಲು ಶ್ರಮಿಸಿದರು. ಕಾಯ್ದೆ ನಿಜವಾದ ಹಲ್ಲು ಪಡೆದದ್ದು ಮುಖ್ಯಮಂತ್ರಿ ದೇವರಾಜ ಅರಸು ಅವರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿಯಿಂದ.

ಭೂಸುಧಾರಣೆ ಎಂದರೆ ಗದ್ದೆಯ ಮಾತು ಎಂದಷ್ಟೇ ನಾವು ನೆನಪಿಟ್ಟುಕೊಂಡಿದ್ದೇವೆ. ಅದೇ ಕಾಯ್ದೆಯ 38ನೆಯ ಕಲಂ ಇನ್ನೊಂದು ಮಾತನ್ನೂ ಹೇಳಿತು. ಬೇರೆಯವರ ಜಮೀನಿನಲ್ಲಿ ಮನೆ ಮಾಡಿಕೊಂಡಿರುವ ಕೃಷಿ ಕಾರ್ಮಿಕನಿಗೆ ಆ ಮನೆಯ ಅಡಿಯ ನೆಲದ ಮೇಲೆ ಹಕ್ಕುಂಟು ಎಂದಿತು. ಮಲೆನಾಡಿನ ಮಟ್ಟಿಗೆ ಇದು ಬಲು ದೊಡ್ಡ ಮಾತು. ಹಲವು ಕುಟುಂಬಗಳು ಅರ್ಜಿ ಕೊಟ್ಟು ಹಕ್ಕು ಪಡೆದವು. ಇನ್ನೂ ಎಷ್ಟೋ ಕುಟುಂಬಗಳು ತಲೆಮಾರುಗಳಿಂದ ಉಂಡ ಅನ್ನದ ದಾಕ್ಷಿಣ್ಯಕ್ಕೆ ಸುಮ್ಮನಿದ್ದುಬಿಟ್ಟವು. ಹಾಗೆ ಸುಮ್ಮನಿದ್ದವರ ಮಕ್ಕಳು ಮೊಮ್ಮಕ್ಕಳೇ ಮುಂದೆ ಪಂಚಾಯಿತಿಯ ‘ನಿವೇಶನರಹಿತರ ಪಟ್ಟಿ’ಯಲ್ಲಿ ಕಾಣಿಸಿಕೊಂಡರು.

ನೀರಿನ ಅಡಿಗೆ ಹೋದ ಊರುಗಳು: 1948–1989

ಈ ಸೀಮೆಯ ವಸತಿಯ ಚರಿತ್ರೆಯನ್ನು ಅಣೆಕಟ್ಟುಗಳನ್ನು ಬಿಟ್ಟು ಬರೆಯಲಾಗದು. 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟು ಶರಾವತಿ ಕಣಿವೆಯ ಮೊದಲ ಮುಳುಗಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಹಿರೇಭಾಸ್ಕರವೇ ಅದರ ಹಿನ್ನೀರಿನೊಳಗೆ ಹೋಯಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಅದರ ಸೈಫನ್‌ಗಳು ಹೊರಗೆ ಕಾಣುತ್ತವೆ. ಜನ ಹೋಗಿ ನೋಡಿ ಬರುತ್ತಾರೆ. ಸಾಗರ ಮತ್ತು ಹೊಸನಗರ ತಾಲ್ಲೂಕಿನ ಸಾವಿರಾರು ಕುಟುಂಬಗಳು ಸಾಮಾನು ಕಟ್ಟಿಕೊಂಡು ಶಿವಮೊಗ್ಗ, ಸೊರಬ ಕಡೆಗೆ, ಅಥವಾ ಇದೇ ತಾಲ್ಲೂಕಿನ ಇನ್ನೊಂದು ಕಾಡಿನ ಅಂಚಿಗೆ ಹೊರಟವು. ಆಮೇಲೆ ಹೊಸನಗರ ತಾಲ್ಲೂಕಿನಲ್ಲಿ ಚಕ್ರಾ, ಸಾವೇಹಕ್ಲು ಅಣೆಕಟ್ಟುಗಳು ಬಂದವು. ವಾರಾಹಿ ಯೋಜನೆಯ ಮಾಣಿ ಅಣೆಕಟ್ಟು ಬಂತು. 1989ರಲ್ಲಿ ವಾರಾಹಿಯ ವಿದ್ಯುತ್ ಹರಿಯತೊಡಗಿತು.

ನಾಡಿಗೆ ಬೆಳಕು ಕೊಟ್ಟವರು ಎಂದು ನಾವು ಇವರನ್ನು ಸಭೆಗಳಲ್ಲಿ ಹೊಗಳುತ್ತೇವೆ. ಆ ಹೊಗಳಿಕೆಗೆ ತಕ್ಕ ಕಾಗದ ಅವರ ಕೈಗೆ ಬರಲಿಲ್ಲ. ಪುನರ್ವಸತಿಗೆಂದು ಬಿಟ್ಟುಕೊಟ್ಟ ಅರಣ್ಯದ ಜಮೀನು ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನು ಸರಿಪಡಿಸುವ ದಾರಿ ಇನ್ನಷ್ಟು ಕಡಿದಾಯಿತು. ಅಪ್ಪ ಕಟ್ಟಿದ ಮನೆಯಲ್ಲಿ ಮಗ ಮುದುಕನಾದರೂ ಪಹಣಿಯಲ್ಲಿ ಹೆಸರಿಲ್ಲ. ಶರಾವತಿ ಮುಳುಗಡೆ ಸಂತ್ರಸ್ತರ ಹಕ್ಕುಪತ್ರದ ಪ್ರಶ್ನೆ ಅರವತ್ತು ವರ್ಷ ದಾಟಿದರೂ ಮುಗಿದಿಲ್ಲ. ಸ್ವಂತ ಹೆಸರಿನ ಜಾಗ ಇಲ್ಲದವರಿಗೆ ಮನೆ ಮಂಜೂರಾಗುವುದಿಲ್ಲವಾದ್ದರಿಂದ ಈ ಕುಟುಂಬಗಳು ಒಂದಾದ ಮೇಲೊಂದು ಯೋಜನೆಯಲ್ಲಿ ಹೊರಗುಳಿದವು. ವಸತಿಯ ಲೆಕ್ಕ ಬರೆಯುವಾಗ ಈ ಸಾಲವನ್ನು ಮರೆಯಬಾರದು.

ಜನತಾ ಮನೆಗಳು: 1972–1991

1972ರಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾದರು. ಅದೇ ವರ್ಷ ನಿವೇಶನ ಹಂಚಿಕೆಗಾಗಿ ಭೂಸ್ವಾಧೀನ ಮಾಡುವ ಪ್ರತ್ಯೇಕ ಕಾಯ್ದೆ ರೂಪುಗೊಂಡಿತು. ಸರ್ಕಾರಿ ಜಾಗ ಇಲ್ಲದ ಕಡೆ ಖಾಸಗಿ ಜಮೀನು ಕೊಂಡು ಬಡವರಿಗೆ ಸೈಟು ಮಾಡಲು ತಹಶೀಲ್ದಾರರಿಗೂ ಉಪವಿಭಾಗಾಧಿಕಾರಿಗಳಿಗೂ ಇದರಿಂದ ಬಲ ಬಂತು. 1970ರಲ್ಲಿ ಕೇಂದ್ರ ಸರ್ಕಾರ ವಸತಿಗೆ ಸಾಲ ಕೊಡುವ ಹುಡ್ಕೋ ಸ್ಥಾಪಿಸಿದ್ದರಿಂದ ಸಾಲದ ದಾರಿಯೂ ತೆರೆಯಿತು. ಹೀಗೆ ಊರ ಹೊರಗೆ, ಸಾಮಾನ್ಯವಾಗಿ ಗುಡ್ಡದ ಇಳಿಜಾರಿನಲ್ಲಿ, ಒಂದೇ ಅಳತೆಯ ಹೆಂಚಿನ ಮನೆಗಳ ಸಾಲುಗಳು ಎದ್ದವು. ಜನ ಅವಕ್ಕೆ ‘ಜನತಾ ಕಾಲೊನಿ’ ಎಂದರು.

ಸೋಗೆಯಿಂದ ಹೆಂಚಿಗೆ ಬಂದದ್ದು ಇವತ್ತಿನವರಿಗೆ ಸಣ್ಣ ಸಂಗತಿ ಅನ್ನಿಸಬಹುದು. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಸೋಗೆ ಕೂಡಿಡಬೇಕು, ಹಳತನ್ನು ತೆಗೆಯಬೇಕು, ಹೊಸತನ್ನು ಕಟ್ಟಬೇಕು, ಇರಿಚಲು ಹೊಡೆಯದಂತೆ ಸುತ್ತಲೂ ತಟ್ಟಿ ಕಟ್ಟಬೇಕು. ಈ ಕೆಲಸ ಬೀಳುತ್ತಿದ್ದುದು ಕೂಲಿ ಹೆಚ್ಚು ಸಿಗುವ ದಿನಗಳಲ್ಲೇ. ಒಲೆಯ ಕಿಡಿಗೆ ಮಾಡು ಹೊತ್ತಿಕೊಳ್ಳುವ ಭಯ ಬೇರೆ. ಹೆಂಚಿನ ಮನೆಗೆ ಬಂದ ಹೆಂಗಸರಿಗೆ ಮೊದಲ ಮಳೆಗಾಲದಲ್ಲಿ ಸಿಕ್ಕ ನೆಮ್ಮದಿಯನ್ನು ನಾನು ಹಲವರ ಬಾಯಿಂದ ಕೇಳಿದ್ದೇನೆ. ‘ರಾತ್ರಿ ಪಾತ್ರೆ ಇಡೋದು ತಪ್ಪಿತು’ ಎನ್ನುತ್ತಿದ್ದರು. ಸೋರುವ ಜಾಗಕ್ಕೆ ಪಾತ್ರೆ ಇಡುವುದು, ತುಂಬಿದಾಗ ಎದ್ದು ಚೆಲ್ಲುವುದು: ಮಳೆಗಾಲದ ರಾತ್ರಿ ಎಂದರೆ ಅದೇ ಆಗಿತ್ತು.

ಆಗ ಮನೆ ಹಂಚುವ ಕೆಲಸ ಹೆಚ್ಚಾಗಿ ಕಚೇರಿಗಳದು. 1983ರ ಪಂಚಾಯಿತಿ ಕಾಯ್ದೆ, ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಹಠ, 1987ರ ಚುನಾವಣೆ ಇವೆಲ್ಲ ಸೇರಿ ಮಂಡಲ ಪಂಚಾಯಿತಿಗಳು ಬಂದಾಗ ಮೊದಲ ಬಾರಿಗೆ ಊರಿನವರೇ ಕೂತು ‘ಇವರಿಗೆ ಮನೆ ಇಲ್ಲ’ ಎಂದು ಹೇಳುವ ವೇದಿಕೆ ಸಿಕ್ಕಿತು. ಅಷ್ಟರಲ್ಲಿ ಕೇಂದ್ರದ ಇಂದಿರಾ ಆವಾಸ್ ಕೂಡ 1985ರಲ್ಲಿ ಶುರುವಾಗಿತ್ತು.

ಆಶ್ರಯ ಎಂಬ ಹೆಸರು: 1991–2000

ಎಸ್. ಬಂಗಾರಪ್ಪನವರು ಸಾಗರಕ್ಕೆ ನೆರೆಯ ಸೊರಬ ತಾಲ್ಲೂಕಿನ ಕುಬಟೂರಿನವರು. 1990ರ ಅಕ್ಟೋಬರಿನಲ್ಲಿ ಅವರು ಮುಖ್ಯಮಂತ್ರಿಯಾದ ಮೇಲೆ ಬಂದ ಆಶ್ರಯ, ಆರಾಧನಾ, ವಿಶ್ವ ಯೋಜನೆಗಳಲ್ಲಿ ಜನರ ನಾಲಿಗೆಯ ಮೇಲೆ ಗಟ್ಟಿಯಾಗಿ ನಿಂತದ್ದು ಆಶ್ರಯ. 1991-92ರಲ್ಲಿ ಆರಂಭವಾದ ಈ ಯೋಜನೆ ಹಳ್ಳಿಗೂ ಪಟ್ಟಣಕ್ಕೂ ಅನ್ವಯಿಸಿತು. ಗೇಣಿದಾರರ, ಕೂಲಿಕಾರರ ಸೀಮೆಯಿಂದಲೇ ಬಂದ ಮುಖ್ಯಮಂತ್ರಿ ಇದಕ್ಕೆ ಕೈಹಾಕಿದ್ದು ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ.

ಬೆಳೆಯುತ್ತಿದ್ದ ಸಾಗರ ಪಟ್ಟಣಕ್ಕೆ ಇದು ಸರಿಯಾದ ಹೊತ್ತಿಗೆ ಬಂತು. ಅಡಿಕೆ ಮಂಡಿ, ಅಕ್ಕಿ ಗಿರಣಿ, ಗಂಧದ ಕೆತ್ತನೆ, ಬಸ್ ನಿಲ್ದಾಣ, ಕಟ್ಟಡದ ಕೆಲಸ ಎಂದು ಹಳ್ಳಿಯಿಂದ ಬಂದವರು ಬಾಡಿಗೆಗೂ ಗತಿಯಿಲ್ಲದೆ ಪಟ್ಟಣದ ಅಂಚುಗಳಲ್ಲಿ ನೆಲೆ ಹುಡುಕುತ್ತಿದ್ದರು. ತೀರ್ಥಹಳ್ಳಿಯದು ಬೇರೆ ಇಕ್ಕಟ್ಟು: ಒಂದು ಬದಿಗೆ ತುಂಗೆ, ಇನ್ನೊಂದು ಬದಿಗೆ ಗುಡ್ಡ, ನಡುವೆ ಸಿಕ್ಕಿದಷ್ಟೇ ಊರು. ಹೊಸನಗರ ಇನ್ನೂ ಚಿಕ್ಕದು. ಕೆಳದಿ ಅರಸರ ಬಿದನೂರು, ಅಂದರೆ ಇಂದಿನ ನಗರದಿಂದ ತಾಲ್ಲೂಕು ಕೇಂದ್ರ ಕಲ್ಲೂರುಕಟ್ಟೆಗೆ ಬಂದು ‘ಹೊಸನಗರ’ ಆದ ಊರು ಅದು. ಕಚೇರಿಗಳ ಸುತ್ತ ಬೆಳೆದ ಪಟ್ಟಣದಲ್ಲಿ ಬಡವರಿಗೆ ಜಾಗ ಹುಡುಕುವುದು ಅಷ್ಟು ಸುಲಭವಿರಲಿಲ್ಲ.

ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಗಳು ಕೂತದ್ದು ಈ ಜಾಗ ಹುಡುಕುವುದಕ್ಕಾಗಿ. ಸಮಿತಿಯ ಸಭೆಗಳು ಸದಾ ಶಾಂತವಾಗಿದ್ದವು ಎನ್ನಲಾರೆ. ಯಾವ ಸರ್ವೆ ನಂಬರು, ಯಾವ ಊರಿಗೆ ಎಷ್ಟು, ಹಳೆಯ ಪಟ್ಟಿಯೋ ಹೊಸ ಪಟ್ಟಿಯೋ ಎಂದು ಮಾತು ಏರಿದ್ದುಂಟು. ಚುನಾವಣೆಯ ಬಳಿಕ ಸಮಿತಿ ಬದಲಾದಾಗ ಪಟ್ಟಿಯನ್ನು ಮತ್ತೆ ಪರಿಶೀಲಿಸಿದ್ದೂ ಉಂಟು. ಆದರೆ ಮಳೆ ಹಿಡಿಯುವ ಮೊದಲು ಹಕ್ಕುಪತ್ರ ಹಂಚಬೇಕೆಂಬ ವಿಷಯದಲ್ಲಿ ಎಲ್ಲ ಪಕ್ಷದವರೂ ಒಂದಾಗುತ್ತಿದ್ದರು. ಭಿನ್ನಾಭಿಪ್ರಾಯಗಳ ನಡುವೆಯೂ ಕೆಲಸ ನಿಲ್ಲಲಿಲ್ಲ ಎಂಬುದೇ ಆ ವರ್ಷಗಳ ಬಗ್ಗೆ ನೆನೆಯಬೇಕಾದ ಮಾತು.

ಹಳ್ಳಿಗಳಲ್ಲಿ ಸೈಟಿನ ಅಳತೆ ಸಾಮಾನ್ಯವಾಗಿ ಮೂವತ್ತು-ನಲವತ್ತು ಅಡಿ. ಬಯಲುಸೀಮೆಯಲ್ಲಿ ಸುಣ್ಣದ ಗೆರೆ ಎಳೆದು ಮುಗಿಸುವ ಕೆಲಸ ಇಲ್ಲಿ ಗುಡ್ಡ ಕಡಿದು ಮಟ್ಟ ಮಾಡುವ ಕೆಲಸವಾಗುತ್ತದೆ. ಮೇಲಿನ ಸೈಟಿನ ನೀರು ಕೆಳಗಿನ ಸೈಟಿಗೆ ನುಗ್ಗದಂತೆ ಕಟ್ಟೆ ಕಟ್ಟಬೇಕು. ಇನ್ನೊಂದು ತೊಡಕು ಇದಕ್ಕೂ ಆಳದ್ದು. ಮಲೆನಾಡಿನ ಊರು ಗುಂಪಾಗಿ ಇರುವುದಿಲ್ಲ. ಇಲ್ಲೊಂದು ಮನೆ, ಗದ್ದೆಯ ಆಚೆ ಎರಡು, ಕಾನಿನ ಮರೆಯಲ್ಲಿ ಇನ್ನೊಂದು. ಬಡಾವಣೆಯ ಕಲ್ಪನೆ ಈ ಬಾಳಿಗೆ ಹೊಂದುವುದಿಲ್ಲ. ನಾಲ್ಕು ಮೈಲು ದೂರದ ಆಶ್ರಯ ಕಾಲೊನಿಯಲ್ಲಿ ಸೈಟು ಸಿಕ್ಕವನು ಕೆಲಸದ ತೋಟಕ್ಕೆ ದಿನವೂ ನಡೆಯಬೇಕು, ಇಲ್ಲವೇ ಸೈಟನ್ನು ಖಾಲಿ ಬಿಡಬೇಕು. ಖಾಲಿ ಬಿದ್ದ ಸೈಟುಗಳನ್ನು ನೋಡಿ ‘ಕೊಟ್ಟರೂ ಕಟ್ಟಲಿಲ್ಲ’ ಎಂದು ಬರೆದ ವರದಿಗಳು ಈ ನಡಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಾಲಕ್ರಮೇಣ ನಮ್ಮ ಪಂಚಾಯಿತಿಗಳು ಇದ್ದ ಜಾಗದಲ್ಲೇ ಹಕ್ಕು ಕೊಡಿಸಿ ಅಲ್ಲೇ ಮನೆ ಕಟ್ಟಿಸುವ ಕಡೆಗೆ ವಾಲಿದವು. ಅದೇ ಇಲ್ಲಿಗೆ ಸರಿಯಾದ ದಾರಿ ಎಂಬುದು ನನ್ನ ಖಚಿತ ನಂಬಿಕೆ.

ನಿಗಮ ಬಂತು: 2000–2010

1993ರ ಪಂಚಾಯತ್ ರಾಜ್ ಕಾಯ್ದೆ, ಅದೇ ವರ್ಷದ ಕೊನೆಯಲ್ಲಿ ನಡೆದ ಗ್ರಾಮ ಪಂಚಾಯಿತಿ ಚುನಾವಣೆ ಹಳ್ಳಿಗೆ ಸ್ಥಿರವಾದ ಒಂದು ಆಡಳಿತ ಕೊಟ್ಟಿದ್ದವು. ಬೇರೆಬೇರೆ ಇಲಾಖೆಗಳಲ್ಲಿ ಹಂಚಿಹೋಗಿದ್ದ ವಸತಿ ಯೋಜನೆಗಳನ್ನು ಒಂದೆಡೆ ತರಲು ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರ ಕಾಲದಲ್ಲಿ, 2000ದಲ್ಲಿ, ನಿಗಮ ಸ್ಥಾಪನೆಯಾಯಿತು. ನಮ್ಮ ಹಳ್ಳಿಗಳಲ್ಲಿ ನಿಗಮ ತಾನು ಮನೆ ಕಟ್ಟುವುದಿಲ್ಲ, ಗುತ್ತಿಗೆದಾರರಿಗೂ ಕೊಡುವುದಿಲ್ಲ. ಫಲಾನುಭವಿಯೇ ತನ್ನ ಮನೆ ಕಟ್ಟಿಕೊಳ್ಳಬೇಕು. ಪಾಯ, ಗೋಡೆ, ಮಾಡು, ಪೂರ್ಣ ಎಂದು ಹಂತ ಮುಗಿದಂತೆ ಕಂತು ಬರುತ್ತದೆ. ಮನೆ ಮಂಜೂರಾಗುವುದು ಸಾಮಾನ್ಯವಾಗಿ ಹೆಂಗಸಿನ ಹೆಸರಿಗೆ.

ಈ ಕೊನೆಯ ನಿಯಮದ ಪರಿಣಾಮವನ್ನು ನಾವು ಇನ್ನೂ ಪೂರ್ತಿ ಗುರುತಿಸಿಲ್ಲ. ಗಂಡನ ಮನೆ, ಅಪ್ಪನ ಮನೆ, ಒಡೆಯರ ಜಾಗ ಎಂಬ ಮೂರು ಮಾತುಗಳ ನಡುವೆ ಬಾಳಿದ ಹೆಂಗಸರಿಗೆ ತಮ್ಮ ಹೆಸರಿನ ಕಾಗದ ಇದರಿಂದ ಬಂತು. ಮನೆಯ ಹಕ್ಕುಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಅದನ್ನು ಬಟ್ಟೆಯಲ್ಲಿ ಸುತ್ತಿ, ಅಕ್ಕಿ ಡಬ್ಬಿಯಲ್ಲಿ ಇಟ್ಟುಕೊಂಡವರನ್ನು ನಾನು ಕಂಡಿದ್ದೇನೆ. ತೋರಿಸಿ ಎಂದರೆ ಕೈ ಒರೆಸಿಕೊಂಡು ತೆಗೆಯುತ್ತಾರೆ. ಮಡಿಕೆಯ ಗೆರೆ ಹರಿಯದಂತೆ ನೆಲದ ಮೇಲೆ ಹರಡಿ, ಮೊದಲು ಫೋಟೊ ತೋರಿಸುತ್ತಾರೆ, ಆಮೇಲೆ ತಮ್ಮ ಹೆಸರಿನ ಮೇಲೆ ಬೆರಳಿಡುತ್ತಾರೆ.

ಹಣದ ಮೊತ್ತ ಆಗ ಕಡಿಮೆ. 2000ದಲ್ಲಿ ಇಂದಿರಾ ಆವಾಸ್ ಮನೆಗೆ ಸಿಗುತ್ತಿದ್ದುದು 20 ಸಾವಿರ ರೂಪಾಯಿ. 2004ರಲ್ಲಿ ಅದು 25 ಸಾವಿರ, 2008ರಲ್ಲಿ 35 ಸಾವಿರ, 2010ರಲ್ಲಿ 45 ಸಾವಿರವಾಯಿತು. ಆಶ್ರಯದಲ್ಲಿ ಸಹಾಯಧನದ ಜೊತೆಗೆ ಸಾಲವೂ ಇತ್ತು. ಮುಂದೆ ಸರ್ಕಾರ ಅಂಥ ಸಾಲಗಳನ್ನು ಮನ್ನಾ ಮಾಡಿತು. ಉಳಿದ ಹಣ ಕೈಯಿಂದ, ಸಂಘದಿಂದ, ಅಡಿಕೆ ಸುಲಿದ ಕೂಲಿಯಿಂದ ಬರಬೇಕು. ಜಂಬಿಟ್ಟಿಗೆ ಸಿಗುವ ಕಡೆ ಗೋಡೆಗೆ ಅದು. ನೆರೆಹೊರೆಯವರು ಒಂದೊಂದು ದಿನ ಮುಯ್ಯಾಳಾಗಿ ಬಂದು ಕಲ್ಲು ಹೊರುವುದು ವಾಡಿಕೆ. ಸರ್ಕಾರದ ದಾಖಲೆಯಲ್ಲಿ ಈ ಮುಯ್ಯಾಳಿಗೆ ಕಾಲಂ ಇಲ್ಲ. ಮನೆಗಳು ಮುಗಿದದ್ದು ಮಾತ್ರ ಅದರಿಂದಲೇ.

ಹಣ ಹೆಚ್ಚಿತು, ನಿಯಮವೂ ಹೆಚ್ಚಿತು: 2010–2019

2010ರ ನಂತರದ ಹತ್ತು ವರ್ಷ ವೇಗದ ಕಾಲ. ಬಸವ ವಸತಿ ಬಂತು. ಪಟ್ಟಣಗಳಿಗೆ ವಾಜಪೇಯಿ ನಗರ ವಸತಿ ಬಂತು. ವಿಧವೆಯರು, ಅಂಗವಿಕಲರು ಮೊದಲಾದವರಿಗಾಗಿ ದೇವರಾಜ ಅರಸು ಅವರ ಹೆಸರಿನ ಯೋಜನೆ ಬಂತು. 2016ರಲ್ಲಿ ಇಂದಿರಾ ಆವಾಸ್ ಜಾಗಕ್ಕೆ ಪ್ರಧಾನಮಂತ್ರಿ ಆವಾಸ್ ಬಂದು ಸಹಾಯಧನ 1 ಲಕ್ಷ 20 ಸಾವಿರಕ್ಕೆ ಏರಿತು, ಮನೆಯ ಕನಿಷ್ಠ ಅಳತೆ 25 ಚದರ ಮೀಟರ್ ಆಯಿತು, ಉದ್ಯೋಗ ಖಾತರಿಯಲ್ಲಿ 90 ಮಾನವ ದಿನಗಳ ಕೂಲಿಯೂ ಸೇರಿತು.

ಇಲ್ಲಿ ಒಂದು ಮಾತನ್ನು ಬಿಡದೆ ಹೇಳಬೇಕು. ಗುಡ್ಡಗಾಡಿಗೆ ಈ ಯೋಜನೆಯಲ್ಲಿ 1 ಲಕ್ಷ 30 ಸಾವಿರ ರೂಪಾಯಿಯ ಪ್ರತ್ಯೇಕ ದರವಿದೆ. ಆ ಪಟ್ಟಿಯಲ್ಲಿರುವುದು ಮುಖ್ಯವಾಗಿ ಹಿಮಾಲಯದ, ಈಶಾನ್ಯದ ರಾಜ್ಯಗಳು. ಪಶ್ಚಿಮ ಘಟ್ಟದ ನೆತ್ತಿಯ ಮೇಲೆ ಕೂತ ನಮ್ಮ ತಾಲ್ಲೂಕುಗಳು ಅದರ ಲೆಕ್ಕದಲ್ಲಿ ಬಯಲು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆ ತೀರ್ಥಹಳ್ಳಿ ತಾಲ್ಲೂಕಿನದು. ಮಳೆಯಲ್ಲಿ ಅದಕ್ಕೆ ಪೈಪೋಟಿ ಕೊಡುವ ಹುಲಿಕಲ್ ಹೊಸನಗರ ತಾಲ್ಲೂಕಿನದು. ಇಂಥಲ್ಲಿ ಬಯಲಿನ ನಕ್ಷೆಯ ಚಪ್ಪಟೆ ಆರ್‌ಸಿಸಿ ಮಾಡು ಹಾಕಿದರೆ ಎರಡನೆಯ ಮಳೆಗಾಲಕ್ಕೆ ಜಿನುಗುತ್ತದೆ, ಗೋಡೆ ಹಸಿರುಗಟ್ಟುತ್ತದೆ. ಜನ ಇನ್ನಷ್ಟು ಸಾಲ ಮಾಡಿ ಅದರ ಮೇಲೆ ಕಬ್ಬಿಣದ ಸರಳು ನಿಲ್ಲಿಸಿ ತಗಡಿನ ಮಾಡು ಹೊದಿಸುತ್ತಾರೆ. ಒಂದು ಮನೆಗೆ ಎರಡು ಮಾಡಿನ ಖರ್ಚು. ಇಳಿಜಾರು ಮಾಡು, ಹೊರಚಾಚಿದ ಸೂರು, ಎತ್ತರದ ಪಾಯ ಇವು ಮಲೆನಾಡಿನ ಹಿರಿಯರು ಮಳೆಯಿಂದ ಕಲಿತ ಪಾಠಗಳು. ಹೆಂಚಿನ ಮಾಡನ್ನೇ ಉಳಿಸಿಕೊಂಡವರು ಜಾಣರು ಎಂದು ಮಳೆಗಾಲ ಪ್ರತಿ ವರ್ಷ ಹೇಳುತ್ತಿದೆ.

ಜಿಪಿಎಸ್ ಫೋಟೊ ಬಂದದ್ದು ಇದೇ ಅವಧಿಯಲ್ಲಿ. ಫಲಾನುಭವಿಯನ್ನು ಪಾಯದ ಮುಂದೆ, ಗೋಡೆಯ ಮುಂದೆ ನಿಲ್ಲಿಸಿ ತೆಗೆದ ಚಿತ್ರ ಅಕ್ಷಾಂಶ ರೇಖಾಂಶಗಳ ಸಮೇತ ಕಾವೇರಿ ಭವನ ತಲುಪಿದರೆ ಮಾತ್ರ ಕಂತು. ಕಟ್ಟದ ಮನೆಗೆ ಬಿಲ್ಲು ಆಗುವುದನ್ನು ಇದು ತಡೆಯಿತು, ಒಳ್ಳೆಯದಾಯಿತು. ನೆಟ್‌ವರ್ಕ್ ಇಲ್ಲದ ಕಣಿವೆಗಳಲ್ಲಿ ಮಾತ್ರ ಪಂಚಾಯಿತಿ ಸಿಬ್ಬಂದಿ ಚಿತ್ರ ತೆಗೆದು, ಸಿಗ್ನಲ್ ಸಿಗುವ ದಿಣ್ಣೆ ಹತ್ತಿ ಕಳಿಸಿಬರಬೇಕು. ಸಂಬಳಕ್ಕೆ ಮೀರಿ ನಡೆದ ಆ ಕಾಲುಗಳನ್ನು ಈ ಸಂಚಿಕೆ ನೆನೆಯಲಿ.

2013ರಲ್ಲಿ ಪಂಚಾಯಿತಿ ಆಸ್ತಿಗಳ ದಾಖಲೆಯನ್ನು ಕಂಪ್ಯೂಟರಿಗೆ ತಂದ ಇ-ಸ್ವತ್ತು ಬಂದಾಗ ಹಳೆಯ ಪ್ರಶ್ನೆ ಮತ್ತೆ ತಲೆ ಎತ್ತಿತು. ನಮೂನೆ 9 ಸಿಗಬೇಕಾದರೆ ಮನೆ ಗ್ರಾಮಠಾಣಾದೊಳಗೆ ಇರಬೇಕು, ಇಲ್ಲವೇ ಕ್ರಮಬದ್ಧ ದಾಖಲೆ ಇರಬೇಕು. ಚದುರಿದ ಮನೆಗಳ ಮಲೆನಾಡಿನಲ್ಲಿ ಗ್ರಾಮಠಾಣಾ ಎಲ್ಲಿಂದ ತರುವುದು? ಸೊಪ್ಪಿನಬೆಟ್ಟ, ಕಾನು, ಗೋಮಾಳ, ಪರಿಭಾವಿತ ಅರಣ್ಯ ಎಂಬ ಹೆಸರುಗಳ ನಡುವೆ ಬಡವರ ಮನೆ ಸಿಕ್ಕಿಕೊಂಡಿತು. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಹಕ್ಕು ಕೊಡುವ ಕಂದಾಯ ಕಾಯ್ದೆಯ 94ಸಿ ಮತ್ತು ಪಟ್ಟಣಗಳಿಗೆ 94ಸಿಸಿ ಇಲ್ಲಿ ನೆರವಿಗೆ ಬಂದವು. ಸಾಗರದ ಶಾಸಕರಾಗಿ, ಮುಂದೆ 2016ರಿಂದ ಕಂದಾಯ ಸಚಿವರಾಗಿ ಕಾಗೋಡು ತಿಮ್ಮಪ್ಪನವರು ಈ ಅರ್ಜಿಗಳ ವಿಲೇವಾರಿಗೆ ಕಚೇರಿಗಳನ್ನು ಬೆನ್ನುಹತ್ತಿದ್ದನ್ನು ಎಲ್ಲ ಪಕ್ಷದವರೂ ಒಪ್ಪುತ್ತಾರೆ. ಕಾಗೋಡಿನ ಸತ್ಯಾಗ್ರಹದ ಊರಿನವರೇ ಮನೆಯಡಿಯ ನೆಲದ ಮಾತನ್ನು ವಿಧಾನಸೌಧದಲ್ಲಿ ಮುಂದುವರಿಸಿದರು. 2022ರಲ್ಲಿ ಸರ್ಕಾರ ರಾಜ್ಯದ ಪರಿಭಾವಿತ ಅರಣ್ಯವನ್ನು ಮರುಪರಿಶೀಲಿಸಿ ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿಸಿದಾಗ ಮಲೆನಾಡಿನ ಹಲವು ಮನೆಗಳಿಗೆ ಹಾದಿ ಸ್ವಲ್ಪ ಸಲೀಸಾಯಿತು.

ಗುಡ್ಡ ಜಾರಿದ ವರ್ಷ ಮತ್ತು ಆಮೇಲೆ: 2019–2025

2019ರ ಆಗಸ್ಟ್ ಮಳೆ ಯಾರೂ ಮರೆಯುವಂಥದ್ದಲ್ಲ. ತುಂಗೆ ಉಕ್ಕಿತು, ತೀರ್ಥಹಳ್ಳಿ ತಾಲ್ಲೂಕಿನ ಹೆಗಲತ್ತಿಯಲ್ಲಿ ಗುಡ್ಡ ಜಾರಿ ತೋಟ ಗದ್ದೆಗಳ ಮೇಲೆ ಮಲಗಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಕೊಡಲು ಸರ್ಕಾರ ನಿರ್ಧರಿಸಿತು, ಹಣ ನಿಗಮದ ಮೂಲಕ ಕಂತುಕಂತಾಗಿ ಬಂತು. ಹಾನಿಯ ಪ್ರಮಾಣ ನೋಡಿ ಯಾವ ಮನೆ ‘ಎ’, ಯಾವುದು ‘ಬಿ’, ಯಾವುದು ‘ಸಿ’ ದರ್ಜೆ ಎಂದು ವಿಂಗಡಿಸುವ ಹೊಣೆ ಊರಿನ ಮಟ್ಟದಲ್ಲೇ ಬಿತ್ತು. ಪಕ್ಕಪಕ್ಕದ ಎರಡು ಮನೆಗಳಲ್ಲಿ ಒಂದಕ್ಕೆ ಪೂರ್ತಿ ಪರಿಹಾರ, ಇನ್ನೊಂದಕ್ಕೆ 50 ಸಾವಿರ ಎಂದಾಗ ಮನಸ್ತಾಪ ಬರುವುದು ಸಹಜ. ಬಂದ ಮನಸ್ತಾಪಗಳು ಬಹುಪಾಲು ಊರಿನಲ್ಲೇ ಮಾತಾಡಿ ತಿಳಿಯಾದವು.

ಶರಾವತಿ ಹಿನ್ನೀರಿನ ಆಚೆಯ ತುಮರಿ, ಕರೂರು ಸೀಮೆಯ ಮಾತನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ಅಲ್ಲಿ ಆಶ್ರಯ ಮನೆ ಕಟ್ಟುವವರ ಸಿಮೆಂಟು, ಸರಳು, ಹೆಂಚು ಎಲ್ಲವೂ ಅಂಬಾರಗೋಡ್ಲಿನಲ್ಲಿ ಲಾಂಚ್ ಹತ್ತಿ ಕಳಸವಳ್ಳಿಯಲ್ಲಿ ಇಳಿಯಬೇಕಿತ್ತು. ಸಿಗಂದೂರಿಗೆ ಹೋಗುವ ಭಕ್ತರ ವಾಹನಗಳ ಸಾಲಿನಲ್ಲಿ ಲೋಡಿನ ಗಾಡಿ ಗಂಟೆಗಟ್ಟಲೆ ನಿಲ್ಲುತ್ತಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಮಾರನೆಯ ದಿನವೇ ಗತಿ. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸುವುದೇ ನಿಲ್ಲುತ್ತಿತ್ತು, ಮನೆ ಕಟ್ಟುವ ಕಾಲವೋ ಬೇಸಿಗೆ. ಸಹಾಯಧನ ಮಾತ್ರ ಸಾಗರ ಪೇಟೆಯ ಪಕ್ಕದ ಹಳ್ಳಿಗೆ ಕೊಡುವಷ್ಟೇ. ವಿದ್ಯುತ್ತಿಗಾಗಿ ಊರು ಕಳೆದುಕೊಂಡವರ ಮಕ್ಕಳು ಮನೆ ಕಟ್ಟಲು ಅದೇ ನೀರಿಗೆ ಸುಂಕ ತೆತ್ತಂತೆ ಇತ್ತು ಅದು. 2025ರ ಜುಲೈ 14ರಂದು ಈ ಎರಡು ದಡಗಳ ನಡುವೆ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾಯಿತು. ಈಗ ಕಲ್ಲು ತುಂಬಿದ ಲಾರಿ ನೇರವಾಗಿ ತುಮರಿಗೆ ಹೋಗುತ್ತದೆ.

ಪಟ್ಟಿ ಇನ್ನೂ ಮುಗಿದಿಲ್ಲ. ಕಾಡಂಚಿನ ಹಸಲರ ಕೇರಿಗಳಲ್ಲಿ, ತೋಟದ ಬಿಡಾರಗಳಲ್ಲಿ, ಮುಳುಗಡೆಯ ಮೂರನೆಯ ತಲೆಮಾರಿನ ಮನೆಗಳಲ್ಲಿ ಇವತ್ತಿಗೂ ಮಳೆಗಾಲಕ್ಕೆ ತಾಡಪಾಲು ಎಳೆಯುವವರು ಇದ್ದಾರೆ. ಅವರು ಸಾಮಾನ್ಯವಾಗಿ ಗ್ರಾಮಸಭೆಗೆ ಬರುವುದಿಲ್ಲ. ಬಂದರೂ ಹಿಂದಿನ ಸಾಲಿನಲ್ಲಿ ನಿಂತಿರುತ್ತಾರೆ; ಹೆಸರು ಓದುವಾಗ ‘ನಂದು ಬಿಟ್ಟು ಹೋಗಿದೆ’ ಎಂದು ಎದ್ದು ಹೇಳುವ ಧೈರ್ಯ ಅವರಿಗೆ ಇರುವುದಿಲ್ಲ. ಈ ಸಂಚಿಕೆ ಓದುತ್ತಿರುವ ನಮ್ಮ ಮೂರು ತಾಲ್ಲೂಕಿನವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಯ ತಾರೀಖು ಗೊತ್ತುಮಾಡಿಕೊಳ್ಳಿ. ನಿಮ್ಮ ತೋಟದಲ್ಲಿ ದುಡಿಯುವವರಿಗೆ ಅವತ್ತು ಒಂದು ದಿನದ ಬಿಡುವು ಕೊಡಿ, ಜೊತೆಯಲ್ಲಿ ಕರೆದುಕೊಂಡು ಹೋಗಿ, ಅವರ ಹೆಸರು ಪಟ್ಟಿಯಲ್ಲಿ ಸೇರುವವರೆಗೆ ಅಲ್ಲೇ ಕೂತಿರಿ.